ತುಟಿ ಓದುವವಳು ಕಂಡ ಚಿತ್ರ

ಒಹಾಯೊ, ಗುರುವಾರ, 9 ಅಕ್ಟೋಬರ್ 1924

ನನ್ನ ಮುದ್ದು ವಿನಿಫ್ರೆಡ್,

ನಿಮ್ಮಿಬ್ಬರ ಹೊಸ ಮೂಕಿ ಚಿತ್ರ ನಮ್ಮೂರಿಗೆ ಬಂತು. ನೋಡಿದೆ. ಈಗ ನಾನು ಎಷ್ಟು ಸಿಟ್ಟಿನಲ್ಲಿದ್ದೇನೆಂದರೆ ಎರಡು ಪೆನ್ನಿನ ಮುಳ್ಳು ಮುರಿದಿವೆ.

ಹತ್ತೊಂಬತ್ತನೇ ವಯಸ್ಸಿನ ಜ್ವರದಲ್ಲಿ ಕಿವಿ ಕಳೆದುಕೊಂಡ ನಾನು ತುಟಿ ನೋಡಿಯೇ ಮಾತು ತಿಳಿಯುತ್ತೇನೆಂದು ನಿನಗೆ ಚೆನ್ನಾಗಿ ಗೊತ್ತು. ಹಿಂದಿನ ಚಿತ್ರಗಳಲ್ಲಿ ನಿನ್ನ ಗಂಡನ ಮೀಸೆ ಅಡ್ಡ ಬರುತ್ತಿತ್ತು. ಈ ಸಲ ಡೆಕ್ಸ್ಟರ್ ಮೀಸೆ ಬೋಳಿಸಿದ್ದಾನೆ. ಅದೇ ಎಡವಟ್ಟಾಯಿತು.

ಮೊದಲ ಮುತ್ತಿನ ದೃಶ್ಯ. ಪರದೆಯ ಮೇಲೆ ಅಕ್ಷರ ಬಂತು: ‘ಪ್ರಿಯೆ, ನಿನ್ನ ಉಸಿರೇ ನನ್ನ ವಸಂತ.’ ಅವನು ಹೇಳಿದ್ದು, “ಬೆಳ್ಳುಳ್ಳಿ ತಿಂದ್ಕೊಂಡು ಬಂದಿದೀಯಲ್ಲೇ, ಮಾರಾಯ್ತಿ!” ನೀನು ಕಣ್ಣು ಅರೆ ಮುಚ್ಚಿ, “ನಿನ್ ಜೊತೆ ಮುತ್ತಿನ ಸೀನು ಅಂತ ಗೊತ್ತಾದ್ಮೇಲೇ ತಿಂದಿದ್ದು” ಎಂದೆ. ನಮ್ಮ ಕಿವುಡರ ಸಂಘದ ಐದೂ ಜನ ಎರಡನೇ ಸಾಲಿನಲ್ಲಿ ಬಿದ್ದು ಬಿದ್ದು ನಕ್ಕೆವು. ಸುತ್ತ ಕರವಸ್ತ್ರ ಹಿಡಿದು ಅಳುತ್ತಿದ್ದವರು ನಮ್ಮನ್ನು ದುರುಗುಟ್ಟಿ ನೋಡಿದರು. ಊರಿನ ನೀತಿ ಸಮಿತಿಯವರು ಮುತ್ತು ಎರಡು ಸೆಕೆಂಡ್ ಉದ್ದವಾಯಿತೆಂದು ತಕರಾರು ತೆಗೆದರು. ಆಮೇಲಿನ ನಿಮ್ಮ ಬೈಗುಳ ಆ ಪುಣ್ಯಾತ್ಮರಿಗೆ ಕಾಣಲೇ ಇಲ್ಲ! ಷೇಕ್ಸ್‌ಪಿಯರ್ ಓದಿಸಿ ಬೆಳೆಸಿದ ಮಗಳು ನೀನು.

ನಿನ್ನ ಕಳೆದ ಪತ್ರದಲ್ಲಿ, ಇಪ್ಪತ್ತನೇ ತಾರೀಖು ವಕೀಲರ ಮುಂದೆ ವಿಚ್ಛೇದನಕ್ಕೆ ಸಹಿ ಹಾಕುತ್ತೇನೆ, ಅವನು ಸ್ನಾನದ ಮನೆಯಲ್ಲಿ ಹಾಡುವುದನ್ನು ಇನ್ನು ಸಹಿಸಲಾರೆ ಎಂದು ಬರೆದಿದ್ದೀಯೆ. 1918ರಲ್ಲಿ ಅದೇ ಹಾಡಿಗೆ ಮರುಳಾಗಿ ಮದುವೆಯಾಗುತ್ತೇನೆಂದು ಬರೆದಿದ್ದೆ. ಎರಡೂ ಪತ್ರ ನನ್ನ ಬಳಿ ಇವೆ.

ಸಿಟ್ಟಿನಲ್ಲೇ ಮರುದಿನ ಇನ್ನೊಮ್ಮೆ ಹೋದೆ, ಬೈಗುಳಗಳನ್ನೆಲ್ಲ ಬರೆದುಕೊಂಡು ನಿಮ್ಮ ಕಂಪನಿಗೆ ದೂರು ಕೊಡಲು. ಆಗ ತಟ್ಟೆ ಎಸೆಯುವ ದೃಶ್ಯ ಸರಿಯಾಗಿ ಕಣ್ಣಿಗೆ ಬಿತ್ತು. ಪರದೆಯ ಅಕ್ಷರ: ‘ತೊಲಗು, ನೀಚಳೇ!’ ಅವನ ತುಟಿ: “ಮಣಿಕಟ್ಟು ಇನ್ನೂ ನೋಯ್ತಿದ್ಯಾ? ಎಡಗೈಲಿ ಎಸಿ, ನಾನೇ ಅಡ್ಡ ಬರ್ತೀನಿ.” ನೀನು ಎಡಗೈಯಲ್ಲೇ ಎಸೆದೆ. ಅವನು ತಾನೇ ಓಡಿ ಬಂದು ಏಟು ತಿಂದ.

ಕೊನೆಗೆ ಅವನು ಪೆಟ್ಟಿಗೆ ಹಿಡಿದು ಹೊರಟಾಗ ನಿನ್ನ ಬಾಯಿಗೆ ಹಾಕಿದ ಅಕ್ಷರ: ‘ಹೋಗು, ಮತ್ತೆ ಬರಬೇಡ!’ ನೀನು ಅವನ ಬೆನ್ನಿಗೆ ಹೇಳಿದ್ದು, “ಹೋಗ್ಬೇಡ್ವೋ, ಡೆಕ್ಸ್.” ಅದು ನಟನೆಯಲ್ಲ. ನಟಿಸುವಾಗ ನಿನ್ನ ಗದ್ದ ಮೇಲೇಳುತ್ತದೆ, ಏಳನೇ ವಯಸ್ಸಿನಿಂದ ನೋಡಿದ್ದೇನೆ. ಆಗ ಗದ್ದ ನಡುಗುತ್ತಿತ್ತು. ಚಿತ್ರ ತೆಗೆಯುವಾಗ ಪಕ್ಕದಲ್ಲೇ ಪಿಟೀಲು ಬಾರಿಸುತ್ತಾರೆ, ನಿರ್ದೇಶಕ ಕಹಳೆಯಂಥ ಕೊಳವೆ ಬಾಯಿಗಿಟ್ಟು ಕೂಗುತ್ತಾನೆ ಎಂದು ನೀನೇ ಬರೆದಿದ್ದೆ. ಆ ಗದ್ದಲದಲ್ಲಿ ಕಿವಿಯಿರುವ ಅವನಿಗೆ ನಿನ್ನ ಮಾತು ಕೇಳಿಸಲಿಲ್ಲ. ಎರಡು ಸಾವಿರ ಮೈಲಿ ದೂರದಲ್ಲಿ ಅವನ ಕಿವುಡಿ ಅತ್ತೆಗೆ ಗೊತ್ತಾಯಿತು.

ಸಹಿ ಹಾಕುವುದು ಬಿಡುವುದು ನಿನಗೆ ಸೇರಿದ್ದು. ಆದರೆ ಅವನಿಗೆ ಕೇಳಿಸದ ಮಾತಿಗೆ ಅವನಿಂದ ಉತ್ತರ ಬರಲಿಲ್ಲವೆಂದು ಮುನಿಸಿಕೊಳ್ಳುವುದು ಅನ್ಯಾಯ. ಮೊದಲು ಅವನ ಮುಖ ನೋಡಿ ಹೇಳು.

ಸಿಟ್ಟು ಇಳಿಯದ, ಆದರೂ ನಿನ್ನವಳೇ ಆದ
ಅಮ್ಮ, ಹೆಸ್ಟರ್

ತಾ.ಕ.: ಡೆಕ್ಸ್ಟರ್ ಮನೆ ಬಿಟ್ಟು ಈಗ ಉಳಿದಿರುವ ಹೋಟೆಲಿಗೆ ಮೊನ್ನೆಯೇ ಒಂದು ಪತ್ರ ಹಾಕಿಬಿಟ್ಟೆ. ‘ಕೊನೆಯ ದೃಶ್ಯದಲ್ಲಿ ನಿನ್ನ ಹೆಂಡತಿ ನಿನ್ನ ಬೆನ್ನ ಹಿಂದೆ ಏನೋ ಹೇಳಿದ್ದಾಳೆ, ಹೋಗಿ ಕೇಳು’ ಎಂದಷ್ಟೇ ಬರೆದೆ. ಏನೆಂದು ತಿಳಿಸಿಲ್ಲ. ನೀನು ಬೈದಿದ್ದೀಯೆಂದುಕೊಂಡು ಜಗಳಕ್ಕೇ ಬರುತ್ತಾನೆ, ಬರಲಿ. ಬಾಗಿಲು ತೆಗೆ.