ಗಾಜಿನ ಆಚೆ ಪುಸ್ತಕ, ಈಚೆ ಬರವಣಿಗೆ

ಮಾನ್ಯ ಕುಲಪತಿಗಳೇ,

ನಾಲ್ಕು ಗಾಜಿನ ಹಲಗೆ, ಒಂದು ಬಾಗಿಲು, ಒಂದು ಬೀಗ, ಮುಗಿಯಲೊಲ್ಲದ ನಿಮ್ಮ ಉದ್ಘಾಟನಾ ಭಾಷಣ, ಅದರ ಮೇಲೆ ನನ್ನ ಹೆಂಡತಿಯ ಅರ್ಧ ವರ್ಷ. ವಿಶ್ವವಿದ್ಯಾಲಯದ ಬರವಣಿಗೆ ಕೇಂದ್ರವನ್ನೂ ಗ್ರಂಥಾಲಯವನ್ನೂ ನೀವು ಒಂದುಗೂಡಿಸಿದ್ದಕ್ಕೆ ತಗುಲಿದ ಒಟ್ಟು ಖರ್ಚು ಇದು. ಅವು ಒಂದುಗೂಡಿದವೇ? ಇಲ್ಲವೆಂದೇ ಈ ಪತ್ರ.

ನಾನು ಬಡಗಿ. ಗರಗಸ ಹಿಡಿದು ಶುರುಮಾಡಿ ಸ್ವಂತ ಅಂಗಡಿ ಮಾಡಿಕೊಂಡವನು. ಈಗ ಮರಕ್ಕಿಂತ ಗಾಜಿನ ಕೆಲಸವೇ ಹೆಚ್ಚು. ಗ್ರಂಥಾಲಯದೊಳಗಿನ ಆ ಗಾಜಿನ ಕೋಣೆ ಕಟ್ಟಿದವನು ನಾನೇ. ಅದರೊಳಗೆ ಕೂತು ಒದ್ದಾಡುವವಳು ನನ್ನ ಹೆಂಡತಿ. ಮಕ್ಕಳ ಓದು ಮುಗಿದ ಮೇಲೆ ತಾನು ಎಂ.ಎ. ಸೇರಿದವಳು. ಈ ತಿಂಗಳ ಕೊನೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ಅವಳ ನೋಂದಣಿ ರದ್ದು.

ವಿದ್ಯಾರ್ಥಿ ತಾನು ಬರೆದದ್ದನ್ನು ಗಟ್ಟಿಯಾಗಿ ಓದಬೇಕು, ಮೇಷ್ಟ್ರು ಕಿವಿಗೊಟ್ಟು ಕೇಳಿ ಎಡವಿದಲ್ಲಿ ತಡೆಯಬೇಕು. ಬರವಣಿಗೆ ಕೇಂದ್ರದ ಪದ್ಧತಿ ಅದು. ಗ್ರಂಥಾಲಯದಲ್ಲಿ ತುಟಿ ಪಿಟಕ್ಕೆನ್ನುವಂತಿಲ್ಲ. ಎಣ್ಣೆ ಸೀಗೆಕಾಯಿ ಸಂಬಂಧ. ಜಗಳ ಬಿಡಿಸಲು ನೀವು ಗಾಜಿನ ಕೋಣೆ ಹಾಕಿಸಿದಿರಿ: ಮಾತು ಒಳಗೆ, ಮೌನ ಹೊರಗೆ. ಜಾಣತನವೇ, ಒಪ್ಪಿದೆ. ಆದರೆ ಪುಸ್ತಕದ ಗತಿ? ಪರಾಮರ್ಶನ ಗ್ರಂಥಗಳು ಓದುವ ಕೊಠಡಿ ಬಿಟ್ಟು ಹೋಗಬಾರದೆಂಬ ನಿಯಮ ಹಾಗೇ ಉಳಿಯಿತು. ಗಾಜಿನ ಕೋಣೆ ನಿಮ್ಮ ಕಡತದಲ್ಲಿ ಬೇರೆ ವಿಭಾಗವಂತೆ.

ಹೀಗಾಗಿ ಹೆಂಡತಿ ಒಳಗೆ ಓದುತ್ತಾಳೆ. ಮೇಷ್ಟ್ರು ತಡೆಯುತ್ತಾರೆ: "ಅಮ್ಮಾ, ಮೂಲದಲ್ಲಿ ಹೀಗೇ ಇದೆಯಾ?" ಅವಳು ಹೊರಗೆ ಓಡಿ, ಪುಸ್ತಕ ನೋಡಿ, ಬಾಯಿಪಾಠ ಮಾಡಿಕೊಂಡು ಬರುತ್ತಾಳೆ, ಬಾಗಿಲು ದಾಟುವಷ್ಟರಲ್ಲಿ ಅರ್ಧ ಮರೆತಿರುತ್ತಾಳೆ. ಗ್ರಂಥಪಾಲಕಿಗೆ ಈ ಪರದಾಟ ನೋಡಲಾಗಲಿಲ್ಲ. ಪುಸ್ತಕ ಬಿಡಿಸಿ ಹೊರಗಿನಿಂದ ಗಾಜಿಗೆ ಒತ್ತಿ ಹಿಡಿದರು. ಒಳಗಿನವರು ಓದಿಕೊಂಡರು. ಪುಟ ತಿರುಗಿಸಬೇಕೆಂದರೆ ಹೆಂಡತಿ ಗಾಜು ತಟ್ಟುವಳು. ಮೂರು ಅಧ್ಯಾಯ ಹೀಗೇ ನೆಟ್ಟಗಾದವು. ಸಹಯೋಗ ಅಂದರೆ ಇದಲ್ಲದೆ ಇನ್ನೇನು ಸ್ವಾಮಿ?

ನಿಮ್ಮ ಕಚೇರಿಗೆ ಅದು ಅಶಿಸ್ತಾಗಿ ಕಂಡಿತು. "ಗಾಜಿಗೆ ಗ್ರಂಥಗಳನ್ನು ತಾಗಿಸತಕ್ಕದ್ದಲ್ಲ" ಎಂದು ಸುತ್ತೋಲೆ ಹೊರಟಿತು. ಯಾರಿಗೆ ನೋವಾಯಿತು, ಗಾಜಿಗೋ? ಕೂರಿಸಿದ ನನ್ನ ಬಳಿ ಅದು ದೂರು ತಂದಿಲ್ಲ. ಅಷ್ಟಕ್ಕೇ ನಿಲ್ಲದೆ, ಆಚೆಯದು ಈಚೆ ಕಾಣದಂತೆ ಗಾಜಿಗೆಲ್ಲ ಮಸುಕು ಹಾಳೆ ಅಂಟಿಸಲು ನನಗೇ ಕೆಲಸ ಕೊಟ್ಟಿರಿ.

ಮನೆಯಲ್ಲಿ ಹೇಳಿದೆ. "ಅಂಟಿಸ್ತೀರಾ?" ಅಂದಳು.

"ಕೆಲಸ ಕಣೇ. ನಾನಲ್ದಿದ್ರೆ ಇನ್ನೊಬ್ಬ ಅಂಟಿಸ್ತಾನೆ."

"ಇನ್ನೊಬ್ಬನೇ ಅಂಟಿಸ್ಲಿ ಬಿಡ್ರೀ. ಅವನ ಹೆಂಡ್ತಿ ನಾಲ್ಕನೇ ಅಧ್ಯಾಯದಲ್ಲಿ ಸಿಕ್ಕಾಕೊಂಡಿಲ್ವಲ್ಲ."

ನೀವು ಕಳಿಸಿದ ಹಾಳೆಯ ಸುರುಳಿ ಬಿಚ್ಚದೆ ವಾಪಸು ಕಳಿಸುತ್ತಿದ್ದೇನೆ.

ನನ್ನ ಬೇಡಿಕೆ ಒಂದೇ. ಪುಸ್ತಕ ಆ ಬಾಗಿಲು ದಾಟಲಿ. ಗ್ರಂಥಪಾಲಕಿ ಅದನ್ನು ಹಿಡಿದು ಒಳಗೆ ಬಂದು ಮೇಷ್ಟ್ರ ಪಕ್ಕದಲ್ಲೇ ಕೂರಲಿ. ಕುರ್ಚಿ ಸಾಲದಿದ್ದರೆ ನಾನು ಹೊತ್ತು ತರುತ್ತೇನೆ. ಆದೇಶ ಈ ವಾರವೇ ಬರಲಿ. ತಿಂಗಳು ಕಳೆದು ಬಂದರೆ ಅದು ನಿಮ್ಮ ವಾರ್ಷಿಕ ವರದಿಗೆ ಭೂಷಣವಾದೀತು, ಅವಳಿಗೆ ಕವಡೆ ಕಾಸಿನ ಪ್ರಯೋಜನವಿಲ್ಲ.

ಇದುವರೆಗೆ ಯಾರಿಗೆ ಏನು ದಕ್ಕಿತೆಂದರೆ: ನಿಮಗೆ, ಕತ್ತರಿ ಹಿಡಿದ ಫೋಟೊ. ನನಗೆ, ಒಂದು ಗುತ್ತಿಗೆ. ಗ್ರಂಥಪಾಲಕಿಗೆ, ಕಾರಣ ಕೇಳುವ ನೋಟಿಸು. ನನ್ನ ಹೆಂಡತಿಗೆ, ಮೂರು ಅಧ್ಯಾಯ, ನಾಲ್ಕನೆಯದು ಬಾಕಿ.

ಇಂತಿ,
ನಿಮ್ಮ ಮುಂದಿನ ಗುತ್ತಿಗೆಯ ಆಸೆ ಬಿಟ್ಟ ಬಡಗಿ