ಅಮ್ಮನನ್ನು ನೋಡಲು ಹೋದರೆ

೧೮ ಜುಲೈ ೨೦೧೪, ಶುಕ್ರವಾರ
ಚಿಕ್ಕಬಾಣಾವರ

ಇವತ್ತೂ ಬರಾಸನಿಗೆ ವೀಸಾ ಆಗಲಿಲ್ಲ. ಓದಲೆಂದು ಕೀನ್ಯಾದಿಂದ ಬಂದವನು ನನ್ನನ್ನು ಮದುವೆಯಾಗಿ ಇಲ್ಲೇ ನಿಂತ. ವಿದ್ಯಾರ್ಥಿ ವೀಸಾ ಬದಲಿಸಿಕೊಡಿ ಎಂದು ಅಲೆಯುತ್ತಲೇ ಇದ್ದೇವೆ. ಅತ್ತ ಅವನ ತಾಯಿ ಹಾಸಿಗೆ ಹಿಡಿದಿದ್ದಾರೆ.

"ಹೋಗಿ ನೋಡ್ಕೊಂಡ್ ಬರ್ಬೋದಾ ಸಾರ್?" ಎಂದು ವೀಸಾ ಕಚೇರಿಯಲ್ಲಿ ನಾನೇ ಕೇಳಿದೆ.

"ಹೋಗ್ಬೋದಮ್ಮ. ಆದ್ರೆ ಆಮೇಲೆ ಅಲ್ಲಿಂದ್ಲೇ ಹೊಸದಾಗಿ ಅರ್ಜಿ ಹಾಕ್ಬೇಕು. ಸಿಗುತ್ತೆ ಅಂತ ನಾನ್ ಹೇಳಕ್ಕಾಗಲ್ಲ," ಎಂದರು ಅಧಿಕಾರಿ. ಕೆಟ್ಟ ಮನುಷ್ಯನೇನಲ್ಲ.

ಪೀಣ್ಯದ ಮೇಲೆ ಬರುವ ಬಸ್ಸು ಹಿಡಿದೆವು. ಮನೆಗೆ ಬಂದವನೇ ಬರಾಸ ತಾಯಿಗೆ ಫೋನ್ ಮಾಡಿದ. ಅವರ ಭಾಷೆ ನನಗೆ ಬಾರದು. ನಡುವೆ ತನಗೇ ತಿಳಿಯದೆ, "ಬರ್ತೀನಮ್ಮ, ಬರ್ತೀನಿ," ಎಂದು ಕನ್ನಡದಲ್ಲಿ ಹೇಳಿಬಿಟ್ಟ. ಆ ತಾಯಿಗೆ ಅರ್ಥವಾಗಿರಲಿಕ್ಕಿಲ್ಲ. ನನಗಾಯಿತು.

"ಟಿಕೆಟ್ ತಗೋ ಕಣೋ," ಎಂದೆ.

"ವಾಪಸ್ ಬರಕ್ಕೆ ಬಿಡ್ಲಿಲ್ಲ ಅಂದ್ರೆ?"

"ಮೊದ್ಲು ಅಮ್ಮನ್ನ ನೋಡು."

ಹೇಳುವಾಗ ಧೈರ್ಯವಿತ್ತು. ಈಗ ಪಕ್ಕದಲ್ಲೇ ಮಲಗಿದ್ದಾನೆ, ಕೈ ಚಾಚಿದರೆ ಸಿಗುತ್ತಾನೆ. ಆದರೂ ಆಗಲೇ ಅವನ ದಾರಿ ಕಾಯುತ್ತಿದ್ದೇನೆ. ಇನ್ನು ಬರೆಯಲಾರೆ, ಅವನು ಎದ್ದರೆ ನನ್ನ ಮುಖ ನೋಡಿ ಹೊರಡುವುದನ್ನೇ ಬಿಟ್ಟಾನು.