ಮಾರಣ್ಣನ ಸಹಿ

ಹುಲಿಕುಂಟೆ, ೨೩ ಏಪ್ರಿಲ್ ೧೯೮೯

ಮಾರಣ್ಣ,

ಈ ಕಾಗದ ನಿನಗೆ ಕಳಿಸುವ ಧೈರ್ಯ ನನಗಿಲ್ಲ. ಆದರೂ ಬರೆಯುತ್ತೇನೆ.

ದಿಲ್ಲಿಯವರು ನಮ್ಮ ಸರ್ಕಾರವನ್ನು ವಜಾ ಮಾಡಿದಾಗಿನಿಂದ ಊರು ಕುದಿಯುತ್ತಿದೆ. ಇವತ್ತು ಬೆಳಿಗ್ಗೆ ಕುರಿ ಮೇಯಿಸುವ ಓಬಯ್ಯ ಜನ ಕಟ್ಟಿಕೊಂಡು ನನ್ನ ಅಂಗಡಿಗೆ ಬಂದ.

"ನಾವು ವೋಟಾಕಿ ಕೂರಿಸಿದ ಸರ್ಕಾರ. ಬ್ಯಾಡ ಅಂದ್ರೆ ಅಸೆಂಬ್ಲೀಲಿ ಕೈ ಎತ್ತಿಸಿ ಎಣಿಸಬೇಕಿತ್ತು. ದಿಲ್ಲಿಯವ್ರು ಹೆಂಗೆ ತೆಗೆದ್ರು?" ಅಂದ. "ಬೆಂಬಲ ಇಲ್ಲಾಂತ ಗವರ್ನರಿಗೆ ಕೊಟ್ಟ ಕಾಗ್ದಕ್ಕೆ ನಮ್ಮ ಎಮ್ಮೆಲ್ಲೆ ಮಾರಣ್ಣನೂ ಸೈನ್ ಹಾಕವ್ನಂತೆ. ನೀವು ಅವನ ಸ್ನೇಹಿತ್ರು ಅಯ್ನೋರೆ, ನಿಮಗೆ ಗೊತ್ತಿರ್ಬೇಕು."

"ಗೊತ್ತಿಲ್ಲ ಕಣಯ್ಯ" ಅಂದೆ.

ಮಂತ್ರಿ ಸ್ಥಾನ ಕೇಳುವ ಅರ್ಜಿ ಅಂತ ನಾನು ಹೇಳಿದ್ದಕ್ಕೆ ನೀನು ಓದದೆ ಸಹಿ ಹಾಕಿದೆ. ನಿಜ ತಿಳಿದ ಮೇಲೆ ನೀನೇ ಅದನ್ನು ವಾಪಸ್ ಪಡೆಯಲು ಬೆಂಗಳೂರಿಗೆ ಓಡಿದೆ. ಅಷ್ಟರಲ್ಲಿ ಸರ್ಕಾರವೇ ಹೋಗಿತ್ತು. ಆ ಸಹಿಯನ್ನು ನಾನು ಯಾರಿಗಾಗಿ ಹಾಕಿಸಿದೆ ಅಂತ ಇಲ್ಲೂ ಬರೆಯಲಾರೆ.

ಜನ ನಿನ್ನ ಮನೆ ಕಡೆ ಹೊರಟರು. ಹಿಂದೆ ಉಳಿದರೆ ಅನುಮಾನ ಬರುತ್ತದೆಂದು ನಾನೂ ಹೋದೆ. ಕೆಲವರ ಕೈಯಲ್ಲಿ ಕಲ್ಲುಗಳಿದ್ದವು. ನಿನ್ನ ಹೆಂಡತಿ ಹೊನ್ನಕ್ಕ ಒಬ್ಬಳೇ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಕಂಡು ಅವಳಿಗೆ ಧೈರ್ಯ ಬಂತು.

"ರೇಣುಕಯ್ಯನೋರು ಬಂದವ್ರೆ. ನಮ್ಮ ಮನೆಯವ್ರು ಎಂಥೋರು ಅಂತ ಅವ್ರೇ ಹೇಳ್ತಾರೆ, ಕೇಳ್ರಪ್ಪ" ಅಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿದೆ. ಅದನ್ನೇ ಉತ್ತರ ಅಂದುಕೊಂಡು ಯಾರೋ ಮೊದಲ ಕಲ್ಲು ಎಸೆದರು. ಹೊನ್ನಕ್ಕ ಒಳಗೆ ಓಡಲಿಲ್ಲ. ನನ್ನನ್ನೇ ನೋಡುತ್ತ ನಿಂತಿದ್ದಳು.